ರಾತ್ರಿ ಕೂತು ಆ ಫೈಲ್ ತಿದ್ದಬೇಡಿ

ಪ್ರಶ್ನೆ: ಹತ್ತು ವರ್ಷ ಡಿಸೈನರ್ ಆಗಿದ್ದವಳು ನಾನು. ಕಳೆದ ವರ್ಷ ಎಂಟು ಜನರ ತಂಡಕ್ಕೆ ಮುಖ್ಯಸ್ಥೆಯಾದೆ. ಮೀಟಿಂಗಿನಲ್ಲಿ ಹೊಸ ಐಡಿಯಾ ಕೇಳಿದರೆ ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತ ಕೂರುತ್ತಾರೆ. ಬರುವ ಕೆಲಸವೂ ಸಪ್ಪೆ. ರಾತ್ರಿ ಕೂತು ನಾನೇ ತಿದ್ದಿ ಕಳಿಸುತ್ತೇನೆ, ನಾನು ಮಾಡಿದರೆ ಬೇಗ ಮುಗಿಯುತ್ತದೆ. ಮೊನ್ನೆ ಇಬ್ಬರು ಮಾತಾಡಿಕೊಳ್ಳುತ್ತಿದ್ದುದು ಕಿವಿಗೆ ಬಿತ್ತು: ‘ನಾವೇನೇ ಮಾಡಿದ್ರೂ ಕೊನೆಗೆ ಹೋಗೋದು ಮೇಡಂ ಮಾಡಿದ್ದೇ.’ ಮೇಲಿನವರೋ, ನಿಮ್ಮ ತಂಡದಲ್ಲಿ ಹೊಸತನವೇ ಇಲ್ಲ ಎನ್ನುತ್ತಾರೆ. ತಂಡದವರನ್ನು ಬದಲಿಸಲೋ, ನಾನೇ ಹಳೆಯ ಕೆಲಸಕ್ಕೆ ಮರಳಲೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಕಿವಿಗೆ ಬಿದ್ದ ಮಾತು ಕಹಿಯಾದರೂ ನಿಜ. ನಿಮ್ಮದೇ ಪತ್ರ ಅದಕ್ಕೆ ಸಾಕ್ಷಿ.

ಬೆಳಗಾಗುವಷ್ಟರಲ್ಲಿ ತನ್ನ ಕೆಲಸ ಗುರುತು ಸಿಗದಂತೆ ಬದಲಾಗಿರುತ್ತದೆ ಎಂದು ಗೊತ್ತಿರುವವನು ಹಗಲಿಡೀ ಯಾಕೆ ತಲೆ ಕೆಡಿಸಿಕೊಳ್ಳುತ್ತಾನೆ? ಒಪ್ಪಿಸಿ ಮನೆಗೆ ಹೋಗುತ್ತಾನೆ. ನೀವು ತಿದ್ದಿದಷ್ಟೂ ಕೆಲಸ ಸಪ್ಪೆಯಾಗುತ್ತದೆ, ಸಪ್ಪೆಯಾದಷ್ಟೂ ನೀವು ತಿದ್ದುತ್ತೀರಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನೀವು ರಾತ್ರಿ ಕೂತು ತಿದ್ದುವುದಕ್ಕೆ ಗಡುವಿನ ಭಯ ಅರ್ಧ ಕಾರಣ ಅಷ್ಟೇ ಅನಿಸುತ್ತದೆ ನನಗೆ. ದಿನವೆಲ್ಲ ಮೀಟಿಂಗು, ಇ-ಮೇಲು, ರಜೆ ಮಂಜೂರಾತಿಯಲ್ಲಿ ಕಳೆದವರಿಗೆ ಕೈಕೆಲಸದ ಸುಖ ಸಿಗುವುದು ಆ ರಾತ್ರಿಯ ಎರಡು ಗಂಟೆಯಲ್ಲಿ. ಬಡ್ತಿ ಕೊಡುವವರು ಇದನ್ನು ಯಾರಿಗೂ ಹೇಳುವುದಿಲ್ಲ. ಆ ಸುಖ ಬಿಡಬೇಡಿ. ನಿಮ್ಮದೇ ಹೆಸರಿನಲ್ಲಿ ಒಂದು ಚಿಕ್ಕ ಪ್ರಾಜೆಕ್ಟ್ ಇಟ್ಟುಕೊಳ್ಳಿ. ಬೇರೆಯವರದರಿಂದ ಮಾತ್ರ ಕೈ ತೆಗೆಯಿರಿ.

ಈಗ ಮೀಟಿಂಗಿನ ಮೌನ. ಅದನ್ನು ಐಡಿಯಾಗಳ ಬರ ಎಂದು ಓದಬೇಡಿ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂಬ ಎಣಿಕೆ ತಲೆಕೆಳಗಾಯಿತು. ಅಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ಅಲ್ಲಿನವರು ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಎಂಬುದು ಆಮೇಲೆ ಹೊಳೆದ ವಿವರಣೆ. ನಿಮ್ಮವರು ಮುಚ್ಚಿಡುತ್ತಿರುವುದು ಅರೆಬೆಂದ ಯೋಚನೆಗಳನ್ನು. ಹಿಂದೆ ಯಾರೋ ಒಂದನ್ನು ಹೇಳಿದಾಗ ನೀವು ತಕ್ಷಣ ‘ಇದು ಆಗಲ್ಲ’ ಅಂದಿದ್ದಿರಾ? ನೆನಪು ಮಾಡಿಕೊಳ್ಳಿ. ನಿಮಗೆ ಮರೆತಿರಬಹುದು, ಅವರಿಗೆ ಮರೆತಿರುವುದಿಲ್ಲ.

ಎಲ್ಲರನ್ನೂ ಕೂರಿಸಿ ‘ಹೇಳಿ, ಹೇಳಿ’ ಎನ್ನುವ ಪದ್ಧತಿಯೂ ಅಷ್ಟಕ್ಕಷ್ಟೇ. ಹೀಗೆ ಗುಂಪಾಗಿ ಕೂತು ಐಡಿಯಾ ಹುಡುಕುವ ಬ್ರೇನ್‌ಸ್ಟಾರ್ಮಿಂಗನ್ನು ಜನಪ್ರಿಯಗೊಳಿಸಿದವರು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದವರು ಅದನ್ನು ಪರೀಕ್ಷಿಸಿದಾಗ, ಒಟ್ಟಿಗೆ ಕೂತ ನಾಲ್ವರಿಗಿಂತ ಬೇರೆ ಬೇರೆ ಕೂತ ನಾಲ್ವರ ಐಡಿಯಾಗಳೇ ಕೂಡಿಸಿದಾಗ ಹೆಚ್ಚಾಗಿದ್ದವು. ಗುಂಪಿನಲ್ಲಿ ಗೋವಿಂದ ಅನ್ನುವುದು ಸುಲಭ, ನೋಡಿ. ಹಾಗಾಗಿ ಮೊದಲ ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ಚೀಟಿಯಲ್ಲಿ ಬರೆಯಲಿ. ಹೆಸರು ಹಾಕುವುದು ಬೇಡ. ಆಮೇಲೆ ಒಂದೊಂದೇ ಓದಿ ಚರ್ಚಿಸಲಿ. ನಿಮ್ಮ ಅಭಿಪ್ರಾಯ ಕೊನೆಯಲ್ಲಿ. ಮುಖಭಾವವೂ ಅಭಿಪ್ರಾಯವೇ, ಮರೆಯಬೇಡಿ.

ಕೆಲಸ ನಿಜಕ್ಕೂ ಕೆಟ್ಟದಾಗಿದ್ದರೆ? ಇರುತ್ತದೆ, ಎಲ್ಲ ಐಡಿಯಾವೂ ಚಿನ್ನವಲ್ಲ. ತಂಡದೊಳಗಿನ ಗಡುವನ್ನು ಎರಡು ದಿನ ಮುಂಚೆ ಇಡಿ. ಎಲ್ಲಿ ಎಡವಿದೆ ಎಂದು ಹೇಳಿ, ಹೇಗೆ ಸರಿಪಡಿಸಬೇಕೆಂದು ಹೇಳಬೇಡಿ. ಅನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಬ್ರೇನ್‌ಟ್ರಸ್ಟ್’ ಎಂಬ ಅನುಭವಿಗಳ ಕೂಟ ಚಿತ್ರವನ್ನು ನೋಡಿ ನಿಷ್ಠುರವಾಗಿಯೇ ಮಾತಾಡುತ್ತದೆ. ಆದರೆ ಅದಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಯಾವುದನ್ನು ಒಪ್ಪಬೇಕು, ಹೇಗೆ ತಿದ್ದಬೇಕು ಎಂಬುದು ನಿರ್ದೇಶಕರಿಗೆ ಬಿಟ್ಟದ್ದು. ನೀವು ಮುಖ್ಯಸ್ಥೆ, ನಿಮಗೆ ಅಧಿಕಾರವಿದೆ. ಇದ್ದೂ ಬಳಸದಿರುವುದು ಇನ್ನೂ ಕಷ್ಟ.

ಮೊದಲ ಒಂದೆರಡು ತಿಂಗಳು ಗುಣಮಟ್ಟ ಇಳಿಯಬಹುದು. ಮೇಲಿನವರಿಗೆ ಇದನ್ನು ಈಗಲೇ ಹೇಳಿಡಿ. ದೊಡ್ಡ ಗ್ರಾಹಕರದಲ್ಲ, ಕೆಟ್ಟರೂ ಹೆಚ್ಚು ನಷ್ಟವಾಗದ ಒಂದು ಕೆಲಸವನ್ನು ಪ್ರಯೋಗಕ್ಕೆ ಕೇಳಿ ಪಡೆಯಿರಿ. ಅದು ಮುಗ್ಗರಿಸಿದರೆ ಮೇಲಿನವರ ಮುಂದೆ ‘ನನ್ನ ನಿರ್ಧಾರ’ ಅನ್ನಿ. ಯಾರ ಹೆಸರೂ ಬರಕೂಡದು.

ಆ ಮಾತು ಆಡಿದ ಇಬ್ಬರನ್ನು ಕರೆದು ವಿಚಾರಿಸಲು ಹೋಗಬೇಡಿ. ಮುಂದಿನ ಮೀಟಿಂಗಿನಲ್ಲಿ, ‘ರಾತ್ರಿ ನಿಮ್ಮ ಕೆಲಸ ತಿದ್ದುತ್ತಿದ್ದೆ, ತಪ್ಪು. ಇನ್ನು ಮಾಡುವುದಿಲ್ಲ’ ಎಂದಷ್ಟೇ ಹೇಳಿ, ಚೀಟಿ ಹಂಚಿ. ಯಾರೂ ತಕ್ಷಣ ನಂಬುವುದಿಲ್ಲ. ಮೊದಲ ಸಪ್ಪೆ ಫೈಲ್ ಬಂದ ರಾತ್ರಿ ನೀವೇನು ಮಾಡುತ್ತೀರಿ ಎಂದು ಕಾದು ನೋಡುತ್ತಾರೆ.