ಕಾನೂನು ಪ್ರಶ್ನೋತ್ತರ: ಅಣಕು ನ್ಯಾಯಾಲಯದಲ್ಲಿ ವಾದಕ್ಕೆ ನಿಲ್ಲುವ ಮುನ್ನ

ಮೂಟ್ ಕೋರ್ಟ್, ಅಂದರೆ ಕಾಲ್ಪನಿಕ ಪ್ರಕರಣದ ಮೇಲೆ ವಾದಿಸುವ ಅಣಕು ನ್ಯಾಯಾಲಯದ ಬಗ್ಗೆ ಕಾನೂನು ವಿದ್ಯಾರ್ಥಿಗಳು ಕೇಳಿರುವ ಕೆಲವು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಐದು ವರ್ಷದ ಕೋರ್ಸಿನ ಎರಡನೇ ವರ್ಷದಲ್ಲಿದ್ದೇನೆ. ಇದು ನನ್ನ ಮೊದಲ ಮೂಟ್. ಹನ್ನೆರಡು ಪುಟದ ಪ್ರೊಪೊಸಿಷನ್ (ವಾದಕ್ಕಿರುವ ಕಾಲ್ಪನಿಕ ಪ್ರಕರಣ) ಕೊಟ್ಟಿದ್ದಾರೆ, ಮೆಮೋರಿಯಲ್ (ಲಿಖಿತ ವಾದ) ಸಲ್ಲಿಸಲು ಮೂರು ವಾರ ಇದೆ. ಸೀನಿಯರ್‌ಗಳು ಮೊದಲು ತೀರ್ಪು ಹುಡುಕು ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಮೊದಲ ಮೂರು ದಿನ ತೀರ್ಪುಗಳ ಕಡೆ ಹೋಗಲೇಬೇಡಿ. ಪ್ರೊಪೊಸಿಷನ್ ಓದಿ, ಮತ್ತೆ ಓದಿ, ಪ್ರತಿ ಪ್ಯಾರಾಕ್ಕೂ ಒಂದು ಸಾಲಿನ ಟಿಪ್ಪಣಿ ಬರೆದುಕೊಳ್ಳಿ. ಆಮೇಲೆ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ದಿನಾಂಕ, ಘಟನೆ, ಪ್ಯಾರಾ ಸಂಖ್ಯೆ, ಇದು ಯಾರಿಗೆ ಅನುಕೂಲ. ಈ ಕೊನೆಯ ಕಾಲಂಗಾಗಿಯೇ ಇಷ್ಟೆಲ್ಲ ಕೆಲಸ. ನಿಮಗೆ ವಿರುದ್ಧವಾದ ಸಂಗತಿಗಳೆಲ್ಲ ಅಲ್ಲಿ ಒಟ್ಟಾಗಿ ಕಾಣುತ್ತವೆ. ಪೀಠದ ಪ್ರಶ್ನೆಗಳು ಬಹುಪಾಲು ಅಲ್ಲಿಂದಲೇ ಬರುತ್ತವೆ.

ದಿನಾಂಕಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ರಿಮಿನಲ್ ಪ್ರೊಪೊಸಿಷನ್ ಆದರೆ ಕೃತ್ಯ ನಡೆದದ್ದು 2024ರ ಜುಲೈ 1ಕ್ಕೆ ಮೊದಲೋ ನಂತರವೋ ನೋಡಿ. ಕೊಲೆಯ ಆರೋಪ ಎಂದಿಟ್ಟುಕೊಳ್ಳಿ: ಮೊದಲಾದರೆ ಐಪಿಸಿ 302ನೇ ಕಲಂ, ಅಂದು ಅಥವಾ ನಂತರವಾದರೆ, ಅಂದಿನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103. ಇದು ತಪ್ಪಿದರೆ ಮೆಮೋರಿಯಲ್‌ನ ಮೊದಲ ಪುಟದಲ್ಲೇ ನಂಬಿಕೆ ಹೋಗುತ್ತದೆ. ಕಥೆ ಕಾಲ್ಪನಿಕ ದೇಶದ್ದಾಗಿದ್ದರೆ, ಅಲ್ಲಿನ ಕಾನೂನು ಭಾರತದ ಕಾನೂನಿಗೆ ಸಮಾನ ಎಂಬ ಸಾಲು ಕೊನೆಯಲ್ಲಿ ಎಲ್ಲೋ ಇರುತ್ತದೆ, ಹುಡುಕಿ ಗುರುತು ಹಾಕಿಕೊಳ್ಳಿ.

ಮೂಲದಲ್ಲಿಲ್ಲದ ಸಂಗತಿಯನ್ನು ಸೇರಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ‘ಪೊಲೀಸರು ಮನೆ ಶೋಧಿಸಿದರು’ ಎಂದಷ್ಟೇ ಇದ್ದರೆ ‘ವಾರಂಟ್ ಇಲ್ಲದೆ ಶೋಧಿಸಿದರು’ ಎಂದು ನೀವು ಬರೆಯುವಂತಿಲ್ಲ. ‘ವಾರಂಟ್ ಪಡೆದ ಬಗ್ಗೆ ದಾಖಲೆಯಲ್ಲಿ ಏನೂ ಇಲ್ಲ’ ಎನ್ನಬಹುದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಒಳ್ಳೆಯ ನ್ಯಾಯಾಧೀಶರು ತಕ್ಷಣ ಹಿಡಿಯುತ್ತಾರೆ. ನಿಜವಾಗಿಯೂ ಅಸ್ಪಷ್ಟವಾದದ್ದನ್ನು ಕ್ಲಾರಿಫಿಕೇಶನ್ ಕೇಳುವ ಗಡುವಿನೊಳಗೆ ಆಯೋಜಕರನ್ನೇ ಕೇಳಿ.

ನಾಲ್ಕನೇ ದಿನದಿಂದ ಒಂದು ವಾರ ಸಂಶೋಧನೆ, ಮುಂದಿನ ಆರು ದಿನ ಕರಡು, ಉಳಿದದ್ದು ಸೈಟೇಶನ್ ಮತ್ತು ಫಾರ್ಮ್ಯಾಟ್‌ಗೆ. ಫಾರ್ಮ್ಯಾಟ್‌ಗೆ ಒಂದೇ ರಾತ್ರಿ ಸಾಕು ಎಂದುಕೊಂಡ ತಂಡಗಳು ಅಲ್ಲೇ ಅಂಕ ಕಳೆದುಕೊಳ್ಳುತ್ತವೆ. ಮೆಮೋರಿಯಲ್‌ನಲ್ಲಿ ಸಾಮಾನ್ಯವಾಗಿ ಇರಬೇಕಾದವು: ಮುಖಪುಟ, ಪರಿವಿಡಿ, ಸಂಕ್ಷೇಪಗಳು, ಉಲ್ಲೇಖಿಸಿದ ತೀರ್ಪು ಮತ್ತು ಕಾಯ್ದೆಗಳ ಪಟ್ಟಿ, ನ್ಯಾಯವ್ಯಾಪ್ತಿ, ಸಂಗತಿಗಳು, ವಿವಾದಾಂಶಗಳು, ವಾದದ ಸಾರಾಂಶ, ವಾದ, ಪ್ರಾರ್ಥನೆ. ಸಮಯ ಕಡಿಮೆಯಿರುವ ತೀರ್ಪುಗಾರರು ಮೊದಲು ನೋಡುವುದು ಸಾರಾಂಶವನ್ನು, ಆದ್ದರಿಂದ ಅದನ್ನು ಕೊನೆಯಲ್ಲಿ, ಆದರೆ ಅತ್ಯಂತ ಎಚ್ಚರದಿಂದ ಬರೆಯಿರಿ. ವಾದದಲ್ಲಿ ಎಲ್ಲೂ ಎತ್ತದ ಪರಿಹಾರವನ್ನು ಪ್ರಾರ್ಥನೆಯಲ್ಲಿ ಕೇಳಬೇಡಿ.

ಸಲ್ಲಿಸುವ ಮುನ್ನ ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿ. ಮುಖಪುಟದಲ್ಲಿ ಟೀಮ್ ಕೋಡ್ ಮಾತ್ರ ಹಾಕಿ, ಫೈಲಿನ ಆಥರ್ ಜಾಗದಲ್ಲಿ ಯಾರದೋ ಹೆಸರು, ಕಾಲೇಜು ಉಳಿಸಿಬಿಟ್ಟರೆ ಗುರುತು ಬಹಿರಂಗವಾದಂತೆಯೇ. ಎಷ್ಟೋ ಸ್ಪರ್ಧೆಗಳಲ್ಲಿ ಅದಕ್ಕೆ ಅಂಕ ಕಡಿತ ಅಥವಾ ಅನರ್ಹತೆ ಇದೆ.

ಪ್ರಶ್ನೆ: ಕನ್ನಡಿ ಮುಂದೆ ಚೆನ್ನಾಗಿ ವಾದ ಮಾಡುತ್ತೇನೆ. ಆದರೆ ಜಡ್ಜ್ ಮಧ್ಯೆ ಪ್ರಶ್ನೆ ಕೇಳಿದ ಕೂಡಲೇ ಎಲ್ಲ ಮರೆತುಹೋಗುತ್ತದೆ.
– ವಿದ್ಯಾರ್ಥಿ, ಕಲಬುರಗಿ

ಉತ್ತರ: ನೀವು ಭಾಷಣ ಬಾಯಿಪಾಠ ಮಾಡುತ್ತಿದ್ದೀರಿ. ಬಾಯಿಪಾಠಕ್ಕೆ ಎಳೆ ಒಂದೇ. ಅದು ಮಧ್ಯದಲ್ಲಿ ತುಂಡಾದರೆ ಮತ್ತೆ ಮೊದಲಿಂದಲೇ ಹಿಡಿಯಬೇಕು. ಮೂಟ್‌ನಲ್ಲಿ ಅಂಕ ಸಿಗುವುದು ಪ್ರಶ್ನೆ ಬಂದಾಗ. ಪ್ರಶ್ನೆಯೇ ಬರದಿದ್ದರೆ ಪೀಠಕ್ಕೆ ನಿಮ್ಮ ವಾದದಲ್ಲಿ ಆಸಕ್ತಿ ಹುಟ್ಟಿಲ್ಲ ಎಂದೇ ತಿಳಿಯಿರಿ.

ನಿಮಗೆ 15 ನಿಮಿಷ ಕೊಟ್ಟಿದ್ದರೆ ಏಳೆಂಟು ನಿಮಿಷಕ್ಕೆ ಆಗುವಷ್ಟು ವಾದ ಮಾತ್ರ ಸಿದ್ಧ ಮಾಡಿ. ಅದನ್ನೂ ವಾಕ್ಯಗಳಾಗಿ ಬರೆಯಬೇಡಿ, ಒಂದೇ ಹಾಳೆಯಲ್ಲಿ ಮೂರು ಅಂಶ, ಪ್ರತಿ ಅಂಶದ ಕೆಳಗೆ ಎರಡು ಆಧಾರ. ಪ್ರಶ್ನೆ ಬಂದಾಗ ಮಾತು ಅಲ್ಲೇ ನಿಲ್ಲಿಸಿ. ‘ಅದಕ್ಕೆ ಆಮೇಲೆ ಬರುತ್ತೇನೆ’ ಎನ್ನಬೇಡಿ, ಕೇಳಿದವರಿಗೆ ಈಗಲೇ ಉತ್ತರ ಬೇಕು. ಮೊದಲ ಪದ ‘ಹೌದು’ ಅಥವಾ ‘ಇಲ್ಲ’ ಆಗಿರಲಿ. ಆಮೇಲೆ ಕಾರಣ, ಆಮೇಲೆ ಆಧಾರ, ಅದು ಕಂಪೆಂಡಿಯಂನ (ಪೀಠಕ್ಕೆ ಕೊಡುವ ಆಧಾರಗಳ ಸಂಕಲನ) ಎಷ್ಟನೇ ಪುಟ ಎಂಬುದು. ಉತ್ತರ ಮುಗಿದ ಮೇಲೆ ಆ ಪ್ರಶ್ನೆ ನಿಮ್ಮ ಮೂರರಲ್ಲಿ ಯಾವ ಅಂಶಕ್ಕೆ ಸೇರಿದ್ದೋ ಅಲ್ಲಿಂದಲೇ ಮುಂದುವರಿಯಿರಿ, ಬಿಟ್ಟ ಜಾಗಕ್ಕೇ ಮರಳಬೇಕೆಂಬ ಹಟ ಬೇಡ.

ನೀವು ಹೇಳುವ ಪ್ರತಿ ತೀರ್ಪಿನ ಬಗ್ಗೆ ನಾಲ್ಕು ವಿಷಯ ತಿಳಿದಿರಲೇಬೇಕು: ಎರಡು ಸಾಲಿನಲ್ಲಿ ಸಂಗತಿಗಳು, ಪೀಠದಲ್ಲಿ ಎಷ್ಟು ಜನ, ನೀವು ನೆಚ್ಚಿರುವ ಪ್ಯಾರಾ, ಇಂದಿಗೂ ಅದು ಊರ್ಜಿತವೇ. ಪೀಠದ ಗಾತ್ರ ಏಕೆ ಎಂದು ಕೇಳಬಹುದು. ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆಯನ್ನೇ ನೋಡಿ. 1954ರ ಎಂ.ಪಿ. ಶರ್ಮಾ ಪ್ರಕರಣದ ಪೀಠ ಎಂಟು ಜನರದ್ದು, ನಂತರದ ಖರಕ್ ಸಿಂಗ್ ಪ್ರಕರಣದ್ದು ಆರು ಜನರದ್ದು. ಅಲ್ಲ ಎಂದಿದ್ದ ಅಷ್ಟು ದೊಡ್ಡ ಪೀಠಗಳ ಆ ತೀರ್ಪುಗಳು ಅಡ್ಡವಿದ್ದುದರಿಂದಲೇ 2017ರ ಪುಟ್ಟಸ್ವಾಮಿ ಪ್ರಕರಣಕ್ಕೆ ಒಂಬತ್ತು ಜನರ ಪೀಠ ಕೂರಬೇಕಾಯಿತು. ಅದೇ ತೀರ್ಪು 1976ರ ಎ.ಡಿ.ಎಂ. ಜಬಲ್‌ಪುರ ತೀರ್ಪಿನ ಬಹುಮತವನ್ನೂ ತಳ್ಳಿಹಾಕಿತು. ಇದು ಗೊತ್ತಿಲ್ಲದೆ ಜಬಲ್‌ಪುರ ತೀರ್ಪನ್ನು ಆಧಾರವಾಗಿ ಎತ್ತಿದರೆ ಆ ವಿವಾದಾಂಶದಲ್ಲಿ ಚೇತರಿಸಿಕೊಳ್ಳುವುದು ಕಷ್ಟ.

ಅಭ್ಯಾಸಕ್ಕೆ ನಿಮ್ಮ ತಂಡದ ರೀಸರ್ಚರ್ (ಸಂಶೋಧನೆ ಮಾಡುವವರು) ಎದುರು ನಿಂತು, ಪ್ರತಿ ಮೂವತ್ತು ಸೆಕೆಂಡಿಗೆ ಅಡ್ಡ ಬರಲು ಹೇಳಿ. ಕನ್ನಡಿ ಪ್ರಶ್ನೆ ಕೇಳುವುದಿಲ್ಲ.

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್‌ನಲ್ಲಿ ವಾದ ಮಾಡುವಾಗ ನಾಲಿಗೆ ತಡವರಿಸುತ್ತದೆ. ಮೂಟ್ ನನಗಲ್ಲವೇ?
– ವಿದ್ಯಾರ್ಥಿ, ಕೊಪ್ಪಳ

ಉತ್ತರ: ಖಂಡಿತ ನಿಮಗೇ. ರಾಜ್ಯದ ವಿಚಾರಣಾ ನ್ಯಾಯಾಲಯಗಳ ಭಾಷೆ ಕನ್ನಡ. ಸಾಕ್ಷಿಯನ್ನು ಪ್ರಶ್ನಿಸುವಾಗ ನಿಮ್ಮ ಕನ್ನಡವೇ ನಿಮ್ಮ ದೊಡ್ಡ ಬಲ, ಅದನ್ನು ಕೀಳರಿಮೆ ಮಾಡಿಕೊಳ್ಳಬೇಡಿ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ನ ಕಲಾಪ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್‌ನಲ್ಲಿ ನಡೆಯುವುದರಿಂದ, ಮೇಲ್ಮನವಿ ಮಾದರಿಯ ಮೂಟ್‌ಗಳೂ ಹೆಚ್ಚಾಗಿ ಅದೇ ಭಾಷೆಯಲ್ಲಿರುತ್ತವೆ.

ವಾದವನ್ನು ಮೊದಲು ಕನ್ನಡದಲ್ಲಿ ಪೂರ್ತಿ ಯೋಚಿಸಿ, ಗೆಳೆಯರಿಗೆ ಕನ್ನಡದಲ್ಲೇ ವಿವರಿಸಿ. ಅವರಿಗೆ ಅರ್ಥವಾಗದಿದ್ದರೆ ದೋಷ ವಾದದಲ್ಲಿದೆ, ಇಂಗ್ಲಿಷ್‌ನಲ್ಲಲ್ಲ. ಆಮೇಲೆ ಎಂಟು ಹತ್ತು ಪದಗಳ ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿ. ಉದ್ದ ವಾಕ್ಯದಲ್ಲಿ ಸಿಕ್ಕಿಕೊಳ್ಳುವುದು ಇಂಗ್ಲಿಷ್ ಮಾಧ್ಯಮದವರಿಗೂ ತಪ್ಪಿದ್ದಲ್ಲ. ದಿನಕ್ಕೆ ತೀರ್ಪಿನ ಎರಡು ಪುಟ ಗಟ್ಟಿಯಾಗಿ ಓದಿ. ಕರ್ನಾಟಕ ಹೈಕೋರ್ಟ್‌ನ ಕಲಾಪ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತದೆ. ಅಲ್ಲಿ ಅನುಭವಿ ವಕೀಲರು ಎಷ್ಟು ಕಡಿಮೆ, ಎಷ್ಟು ನಿಧಾನ ಮಾತಾಡುತ್ತಾರೆ ಎಂಬುದನ್ನು ಗಮನಿಸಿ. ಅಂಕ ಕೊಡುವಾಗ ನೋಡುವುದು ಸ್ಪಷ್ಟತೆಯನ್ನು; ಉಚ್ಚಾರಣೆಯಲ್ಲಿ ಊರಿನ ಛಾಯೆ ಇದ್ದರೆ ಏನೂ ನಷ್ಟವಿಲ್ಲ.

ಪ್ರಶ್ನೆ: ತೀರ್ಪು ಹುಡುಕಲು ಎಐ ಬಳಸಬಹುದೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಸ್ಪರ್ಧೆಯ ನಿಯಮ ಒಪ್ಪಿದರೆ ವಿಷಯದ ಹೊರರೂಪ ತಿಳಿಯಲು ಬಳಸಿ, ಆಧಾರ ಕೊಡಲು ಬೇಡವೇ ಬೇಡ. ಇಲ್ಲದ ತೀರ್ಪನ್ನು ಹೆಸರು, ವರ್ಷ, ಪುಟ ಸಮೇತ ಅವು ಕಟ್ಟಿಕೊಡುತ್ತವೆ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು ಇಂಥ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಸುಪ್ರೀಂ ಕೋರ್ಟ್‌ನ ಇ-ಎಸ್‌ಸಿಆರ್ ತಾಣದಲ್ಲಿ ವರದಿಯಾದ ತೀರ್ಪುಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ತೆರೆದು, ನೀವು ಎತ್ತಿಕೊಂಡ ಸಾಲು ನ್ಯಾಯಾಲಯದ ನಿರ್ಣಯವೇ ಅಥವಾ ವಕೀಲರ ವಾದವನ್ನು ದಾಖಲಿಸಿದ ಭಾಗವೇ ಎಂದು ಖಚಿತಪಡಿಸಿಕೊಳ್ಳಿ. ವಕೀಲರ ವಾದವನ್ನೇ ನಿರ್ಣಯ ಎಂದುಕೊಳ್ಳುವ ತಪ್ಪು ಎಐ ಇಲ್ಲದೆಯೂ ನಡೆಯುತ್ತದೆ.

ಪ್ರಶ್ನೆ: ನಮ್ಮದು ಟ್ರಯಲ್ ಮಾದರಿಯ ಸ್ಪರ್ಧೆ. ಪಾಟೀಸವಾಲಿನಲ್ಲಿ ಸಾಕ್ಷಿಯ ಹಿಂದಿನ ಹೇಳಿಕೆಯ ವಿರೋಧಾಭಾಸ ದಾಖಲಿಸುವುದು ಹೇಗೆ?
– ಅಂತಿಮ ವರ್ಷದ ವಿದ್ಯಾರ್ಥಿ, ಧಾರವಾಡ

ಉತ್ತರ: ಪೊಲೀಸರ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ ಅಡಿ ಕೊಟ್ಟ ಹೇಳಿಕೆಯಲ್ಲಿ ‘ಕತ್ತಲಲ್ಲಿ ಮುಖ ಕಾಣಲಿಲ್ಲ’ ಎಂದಿದೆ, ಕೋರ್ಟಿನಲ್ಲಿ ‘ಆರೋಪಿಯನ್ನು ನೋಡಿದೆ’ ಎಂದಿದ್ದಾರೆ ಎಂದುಕೊಳ್ಳೋಣ. ಮೊದಲು ಇಂದಿನ ಮಾತನ್ನು ಸಾಕ್ಷಿಯ ಬಾಯಿಂದ ಮತ್ತೆ ಗಟ್ಟಿ ಮಾಡಿಸಿ. ನಂತರ ಹಿಂದಿನ ಹೇಳಿಕೆಯ ಆ ಸಾಲನ್ನಷ್ಟೇ ಓದಿ ಹೇಳಿ, ಹೀಗೆ ಹೇಳಿದ್ದಿರಾ ಎಂದು ಕೇಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 148ನೇ ಕಲಂ ಕೇಳುವುದು ಇದನ್ನೇ: ಯಾವ ಭಾಗ ಎಂದು ಸಾಕ್ಷಿಯ ಗಮನ ಸೆಳೆದಿರಬೇಕು. ಅವರು ಒಪ್ಪಿದರೆ ಅಲ್ಲಿಗೆ ರುಜುವಾತಾಯಿತು. ಅಲ್ಲಗಳೆದರೆ ಆ ಭಾಗವನ್ನು ಮಾತ್ರ ನಿ.ಡಿ.1 (ಆರೋಪಿ ಪರ ಮೊದಲ ದಾಖಲೆ) ಎಂದು ಗುರುತಿಸಲು ಕೋರಿ.

ಕೆಲಸ ಇಲ್ಲಿಗೆ ಅರ್ಧ ಮಾತ್ರ ಆಗಿದೆ. ತನಿಖಾಧಿಕಾರಿ ಕಟಕಟೆಗೆ ಬಂದಾಗ, ಸಾಕ್ಷಿ ತಮ್ಮ ಮುಂದೆ ನಿ.ಡಿ.1ರಂತೆ ಹೇಳಿದ್ದು ನಿಜವೇ ಎಂದು ಕೇಳಲೇಬೇಕು. ಅವರು ಹೌದೆಂದ ಮೇಲಷ್ಟೇ ವಿರೋಧಾಭಾಸ ಸಾಬೀತು. ಈ ಎರಡನೇ ಹೆಜ್ಜೆಯನ್ನೇ ತಂಡಗಳು ಮರೆತು, ವಾದದಲ್ಲಿ ನಿ.ಡಿ.1 ಎತ್ತಿದಾಗ ಕೈ ಸುಟ್ಟುಕೊಳ್ಳುತ್ತವೆ. ಇಡೀ ಹೇಳಿಕೆಯನ್ನು ಗುರುತಿಸಿ ಎಂದು ಕೇಳುವುದೂ ತಪ್ಪು.

‘ಏಕೆ ಬೇರೆ ಹೇಳಿದಿರಿ?’ ಎಂದು ಮಾತ್ರ ಕೇಳಬೇಡಿ. ಸಾಕ್ಷಿ ‘ಆಗ ಭಯವಾಗಿತ್ತು’ ಎಂದರೆ ನಿಮ್ಮ ಕೈಯಾರೆ ವಿವರಣೆ ಕೊಡಿಸಿದಂತಾಯಿತು. ಹಾಗೆಯೇ ನಿಮ್ಮ ಕಕ್ಷಿದಾರರ ನಿಲುವನ್ನು ಸಾಕ್ಷಿಗೆ ಸೂಚಿಸಿ. ‘ಆ ರಾತ್ರಿ ನಾನು ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯಲ್ಲ’ ಎಂದು ಸಾಕ್ಷಿಯ ನಿರಾಕರಣೆ ದಾಖಲಾಗುತ್ತದೆ. ಅದರಿಂದ ಏನೂ ಸಾಬೀತಾಗದು, ಆದರೆ ಸೂಚಿಸದಿದ್ದರೆ ಆ ಅಂಶವನ್ನು ನೀವು ಪ್ರಶ್ನಿಸಲೇ ಇಲ್ಲ ಎಂದು ಎದುರಾಳಿ ಹೇಳುತ್ತಾರೆ.

ಪ್ರಶ್ನೆ: ಬ್ಯಾಂಡ್ (ವಕೀಲರ ಬಿಳಿ ಕೊರಳಪಟ್ಟಿ) ಹಾಕಬಹುದೇ? ಪೀಠವನ್ನು ಹೇಗೆ ಸಂಬೋಧಿಸಬೇಕು?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಬ್ಯಾಂಡ್ ಮತ್ತು ಗೌನು ಸನ್ನದು ಪಡೆದ ವಕೀಲರಿಗೆ. ವಿದ್ಯಾರ್ಥಿಗಳಿಗೆ ಬಿಳಿ ಅಂಗಿ ಅಥವಾ ಕುರ್ತಾ, ಕಪ್ಪು ಕೋಟು ಸಾಕು. ಸಂಬೋಧನೆಗೆ, ಭಾರತೀಯ ವಕೀಲರ ಪರಿಷತ್ತಿನ 2006ರ ನಿಯಮ ಉನ್ನತ ನ್ಯಾಯಾಲಯಗಳಲ್ಲಿ ‘ಯುವರ್ ಆನರ್’ ಅಥವಾ ‘ಆನರಬಲ್ ಕೋರ್ಟ್’ ಎನ್ನುತ್ತದೆ, ರೂಢಿಯಲ್ಲಿ ‘ಲಾರ್ಡ್‌ಶಿಪ್’ ಇನ್ನೂ ಉಳಿದಿದೆ. ಸ್ಪರ್ಧೆಯ ನಿಯಮಪುಸ್ತಕ ಏನು ಹೇಳುತ್ತದೆ ನೋಡಿ. ಯಾವುದೇ ಇರಲಿ, ಇಬ್ಬರು ಸ್ಪೀಕರ್‌ಗಳೂ ಕೊನೆಯವರೆಗೆ ಅದೊಂದನ್ನೇ ಬಳಸಿ.