ನಷ್ಟದಲ್ಲಿರುವಾಗ ಬಿಡದೆ ನಿಲ್ಲುವ ಮನೋಬಲ ಎಲ್ಲಿಂದ ಬರುತ್ತೆ?

ಮೂರು ವರ್ಷದಿಂದ ಅಂಗಡಿ ನಷ್ಟದಲ್ಲಿದೆ, ಇನ್ನೊಂದು ಸಾಲ ಮಾಡಿ ನಡೆಸೋಕೆ ಧೈರ್ಯ ಎಲ್ಲಿಂದ ತರಲಿ ಅಂತ ಕೇಳಿದ್ದೀರಿ. ಆ ಧೈರ್ಯ ನನ್ನ ಹತ್ರ ಬೇಕಾದಷ್ಟಿತ್ತು. ನನ್ನನ್ನು ಮುಳುಗಿಸಿದ್ದೇ ಅದು.

ನಮ್ಮದು ಹಿರಿಯೂರು ಕಡೆ. ಮಾರಿಕಣಿವೆ ಡ್ಯಾಂ ಹತ್ತಿರವೇ ಇದ್ದರೂ ನಮ್ಮ ಹೊಲಕ್ಕೆ ಕಾಲುವೆ ಇಲ್ಲ, ಬೋರೇ ಗತಿ. 2017ರ ಬೇಸಿಗೆಗೆ ಅದೂ ನಿಂತಿತು. 600 ಅಡಿಕೆ, 40 ತೆಂಗು ಇದ್ದ ತೋಟ. ಎರಡು ಬೋರ್ ಕೊರೆಸಿದೆ. ಎರಡೂ ಫೇಲ್.

ಅವೆರಡನ್ನ ತಪ್ಪು ಅನ್ನಲ್ಲ. ಕೈಯಲ್ಲಿ ದುಡ್ಡಿತ್ತು, ಪ್ರಯತ್ನ ಪಟ್ಟೆ. ತಪ್ಪಾಗಿದ್ದು ಮೂರನೆಯದರಲ್ಲಿ. ಅದಕ್ಕೆ ಹೆಂಡತಿಯ ಸರ ಗಿರವಿ ಇಟ್ಟೆ. 600 ಅಡಿಗೆ ಲಾರಿಯ ಹುಡುಗ "ನಿಲ್ಸೋಣ್ವಾ ಅಣ್ಣ?" ಅಂದ. ಬರೀ ಬೂದಿಯಂಥ ಧೂಳು ಬರ್ತಿತ್ತು, ನನ್ನ ಮೀಸೆ ತುಂಬಾ ಅದೇ. "ಹೊಡಿ" ಅಂದೆ. 900 ಅಡಿವರೆಗೂ ಹೊಡೆಸಿದೆ. ನೀರು ಸಿಗುತ್ತೆ ಅನ್ನೋ ನಂಬಿಕೆಯಿಂದ ಅಲ್ಲ. ಹಾಕಿದ ದುಡ್ಡು ಹೋಯ್ತು ಅಂತ ಒಪ್ಪಿಕೊಳ್ಳೋಕೆ ಆಗಲಿಲ್ಲ, ಅಷ್ಟೇ. ಆಳಕ್ಕೆ ಹೋದಷ್ಟೂ ಅಡಿಯ ರೇಟು ಜಾಸ್ತಿ. ಆ ಕೊನೆಯ 300 ಅಡಿಯ ದುಡ್ಡಲ್ಲಿ ಬೇಸಿಗೆ ಪೂರ್ತಿ ತೆಂಗಿಗೆ ಟ್ಯಾಂಕರ್ ನೀರು ಹಾಕಬಹುದಿತ್ತು. ಲೆಕ್ಕ ಹಾಕೋಕೆ ಬರ್ತಿತ್ತು, ಆದ್ರೆ ಲೆಕ್ಕ ಹಾಕಲಿಲ್ಲ.

ಮಾರನೇ ದಿನ ನನ್ನ ಹೆಂಡತಿ ಹಳೇ ಸೀರೆ ಹರಿದು 18 ತೆಂಗಿನ ಮರಕ್ಕೆ ಪಟ್ಟಿ ಕಟ್ಟಿ ಬಂದಳು. "ಇವಿಷ್ಟನ್ನ ಉಳಿಸ್ಕೊಳ್ಳೋಣ. ಉಳಿದಿದ್ದು ಬಿಟ್ಬಿಡಿ" ಅಂದಳು. ವಾರಕ್ಕೊಂದು ಟ್ಯಾಂಕರ್ ತರಿಸಿ ಕೊಡದಲ್ಲಿ ಹೊತ್ತು ಹಾಕಿದೆವು. ಸುಳಿ ಒಣಗಿದ ಅಡಿಕೆಯನ್ನ ನಾನೇ ಕಡಿದೆ. ಮೊದಲನೇ ಮರಕ್ಕೆ ಕೈ ನಡುಗಿತು. ಮಧ್ಯಾಹ್ನದ ಹೊತ್ತಿಗೆ ನಡುಕ ನಿಂತಿತ್ತು. ನನಗೂ ಗಟ್ಟಿತನ ಇದೆ ಅಂತ ಗೊತ್ತಾಗಿದ್ದು ಅವತ್ತೇ, ಬೋರ್ ಲಾರಿ ಮುಂದೆ ನಿಂತಾಗ ಅಲ್ಲ. ಮಳೆ ಬಿದ್ದ ಮೇಲೆ ಆ ಜಾಗಕ್ಕೆ ಶೇಂಗಾ ಹಾಕಿದೆವು. ಸಾಲ ತೀರಿ ಸರ ಬಿಡಿಸಿಕೊಳ್ಳೋಕೆ ನಾಲ್ಕು ವರ್ಷ ಹಿಡಿಯಿತು.

2022ರ ಸೆಪ್ಟೆಂಬರಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933 ಆದ ಮೇಲೆ ಅದೇ ಮೊದಲು, 89 ವರ್ಷ! ನೋಡೋಕೆ ಹೋದಾಗ ಊರಿನವರೊಬ್ಬರು "ಕಾದಿದ್ರೆ ನಿನ್ನ ಅಡಿಕೆ ಉಳೀತಿತ್ತಲ್ಲೋ" ಅಂದರು. ನೀರಿಲ್ಲದೆ ಐದು ವರ್ಷ ಯಾವ ಅಡಿಕೆ ಮರ ನಿಲ್ಲುತ್ತೆ ಹೇಳಿ?

ನೀವು ಆ ಸಾಲ ಮಾಡಬೇಡಿ. ಯಾವ ಸಾಮಾನು ಖರ್ಚಾಗ್ತಿದೆ, ಯಾವುದು ಸುಮ್ನೆ ಧೂಳು ತಿಂತಿದೆ ಅಂತ ಇವತ್ತು ರಾತ್ರಿಯೇ ಬರೆದು, ಆ ಹಾಳೆಯನ್ನ ಮನೆಯವರ ಮುಂದಿಡಿ.