ಬೆಂಕಿಯ ಲೆಕ್ಕ: ಲೇಖನ ಮರಳಿಸುತ್ತಾ ಒಂದಿಷ್ಟು ಮಾತು

ನಮಸ್ಕಾರ. ‘ಎಂಟೇ ವರ್ಷದಲ್ಲಿ ಬೆಂಕಿ ಅವಘಡ ಅರ್ಧಕ್ಕೂ ಕಡಿಮೆ’ ಎಂಬ ನಿಮ್ಮ ಲೇಖನ ಓದಿದೆವು. ಬರವಣಿಗೆ ಸರಾಗವಾಗಿದೆ, ಆದರೆ ಹೀಗೇ ಪ್ರಕಟಿಸಲಾರೆವು. ಇಡೀ ಲೇಖನಕ್ಕೆ ಆಧಾರವಾದ ಅಂಕಿಯನ್ನೇ ನೀವು ತಪ್ಪಾಗಿ ಓದಿದ್ದೀರಿ.

ನೀವು ಬಳಸಿರುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ವರದಿಯನ್ನು. ಅದರಂತೆ ದೇಶದಲ್ಲಿ 2014ರಲ್ಲಿ 20,377 ಬೆಂಕಿ ಅವಘಡ, 19,513 ಸಾವು. 2022ರಲ್ಲಿ 7,566 ಅವಘಡ, 7,435 ಸಾವು. ಎರಡೂ ಕಾಲಂ ಪಕ್ಕಪಕ್ಕ ಇಟ್ಟು ನೋಡಿ: 2022ರಲ್ಲಿ ನೂರು ಬೆಂಕಿಗೆ 98 ಸಾವು. ಅದೇ ವರ್ಷ ಅಮೆರಿಕದಲ್ಲಿ, ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಅಂದಾಜಿನಂತೆ, 15 ಲಕ್ಷ ಬೆಂಕಿ, ಸತ್ತ ನಾಗರಿಕರು 3,790. ಅಂದರೆ ಸುಮಾರು 400 ಬೆಂಕಿಗೆ ಒಂದು ಸಾವು. ನಮ್ಮ ಬೆಂಕಿ ಅಷ್ಟು ಕ್ರೂರವೇ? ಅಲ್ಲ. ಅಲ್ಲಿನ ಲೆಕ್ಕ ಅಗ್ನಿಶಾಮಕ ಠಾಣೆಗೆ ಬಂದ ಕರೆಯಿಂದ ಶುರುವಾಗುತ್ತದೆ, ಇಲ್ಲಿನದು ಪೊಲೀಸ್ ಠಾಣೆಯ ಸಾವಿನ ದಾಖಲೆಯಿಂದ. ಗೋದಾಮು ಬೂದಿಯಾಗಿ ಯಾರೂ ಸಾಯದಿದ್ದರೆ ಅದು ಎನ್‌ಸಿಆರ್‌ಬಿ ವರದಿಗೆ ಬರುವುದು ಕಷ್ಟ. ಆದ್ದರಿಂದ ‘ಅಮೆರಿಕಕ್ಕಿಂತ ನಾವೇ ಸುರಕ್ಷಿತ’ ಎಂಬ ಪ್ಯಾರಾ ಪೂರ್ತಿ ಹೊಡೆದುಹಾಕಿ.

ಇಳಿಕೆಯ ಮಾತನ್ನೂ ಅಳೆದು ಬರೆಯಿರಿ. ಇಳಿದಿರುವುದು ಪೊಲೀಸರು ‘ಆಕಸ್ಮಿಕ’ ಎಂದು ಬರೆದುಕೊಂಡ ಸಾವು. ಸುಟ್ಟು ಸತ್ತ ಹೆಣ್ಣುಮಗಳ ಪ್ರಕರಣ ಆಕಸ್ಮಿಕ, ಆತ್ಮಹತ್ಯೆ, ವರದಕ್ಷಿಣೆ ಸಾವು, ಈ ಮೂರರಲ್ಲಿ ಯಾವ ಕಾಲಂಗಾದರೂ ಹೋಗಬಹುದು. 2009ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನ ಭಾರತದ ಎಲ್ಲ ಬಗೆಯ ಬೆಂಕಿ ಸಾವುಗಳನ್ನೂ ಸೇರಿಸಿ 2001ಕ್ಕೆ 1,63,000ಕ್ಕೂ ಹೆಚ್ಚು ಎಂದು ಅಂದಾಜಿಸಿತು, ಅದರಲ್ಲಿ 1,06,000 ಮಹಿಳೆಯರು, ಹೆಚ್ಚಿನವರು 15ರಿಂದ 34 ವಯಸ್ಸಿನವರು. ಇದನ್ನು ತಿಳಿದ ಮೇಲೆ ‘ಅಡುಗೆಮನೆಯ ಅಜಾಗರೂಕತೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಸತ್ತವರಿಗೆ ಮಾಡುವ ಅನ್ಯಾಯ.

ನಷ್ಟದ ಮೊತ್ತದಲ್ಲಿ ಅಗ್ನಿಶಾಮಕದವರ ಅಂದಾಜನ್ನೂ ವಿಮಾ ಕ್ಲೇಮನ್ನೂ ಕೂಡಿಸಿದ್ದೀರಿ. ಒಂದೇ ಅಂಗಡಿ ಎರಡೂ ಕಡೆ ಇರುತ್ತದೆ, ಕೂಡಿಸಬೇಡಿ. ಮುಚ್ಚಿದ ದಿನಗಳ ವ್ಯಾಪಾರ, ಕಾರ್ಮಿಕರ ಕೂಲಿ ಸೇರಿದೆಯೇ ಇಲ್ಲವೇ ಎಂಬುದನ್ನೂ ಬರೆಯಿರಿ.

ಅಗ್ನಿಶಾಮಕ ಸೇವೆ ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿದೆ (ನಗರಾಡಳಿತಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ), ನಡೆಸುವವರು ರಾಜ್ಯಗಳು ಮತ್ತು ನಗರಾಡಳಿತಗಳು. ಹಾಗಾಗಿ ಒಂದೇ ರಾಜ್ಯ ಹಿಡಿಯಿರಿ. ಕರ್ನಾಟಕವಾದರೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇಲ್ಲಿನ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬೆಂಕಿ ಕರೆ, ರಕ್ಷಣಾ ಕರೆ, ಸುಳ್ಳು ಕರೆ ಮೂರನ್ನೂ ಬೇರೆಬೇರೆಯಾಗಿ, ಜಿಲ್ಲಾವಾರು ಕೇಳಿ. ಒಟ್ಟು ಕರೆಗಳನ್ನು ಕೇಳಿದರೆ ಬಾವಿಗೆ ಬಿದ್ದ ಹಸುವೂ ಬೆಂಕಿಯ ಲೆಕ್ಕಕ್ಕೆ ಸೇರುತ್ತದೆ. ಉತ್ತರಕ್ಕೆ ಕಾಲಮಿತಿ 30 ದಿನ. ಬಂದ ಮೇಲೆ ಮತ್ತೆ ಬರೆದು ಕಳಿಸಿ, ಖಂಡಿತ ಓದುತ್ತೇವೆ.